ನ್ಯೂಟ್ರಾನ್, ಬಿಳಿಗಾರ ಮತ್ತು ಕ್ಯಾನ್ಸರ್

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಭಾನುವಾರದ ಅಭ್ಯಾಸಕೂಟದಲ್ಲಿ ಮಾಡಿದ ಭಾಷಣ)



ಕಳೆದ ವಾರ ಬೋನಸ್ಸಿನ ಲೆಕ್ಕ ಹೇಳಿದ ಬಾಯಲ್ಲೇ ಈ ವಾರ ಪರಮಾಣುವಿನ ಲೆಕ್ಕ ಹೇಳಲು ನಿಂತಿದ್ದೇನೆ. ನಮ್ಮ ಅನ್ನದ ತಟ್ಟೆಗೂ ಪರಮಾಣುವಿಗೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಕ್ಯಾನ್ಸರ್ ಎಂಬ ಹೆಸರು ಕೇಳದ ಓಣಿ ನಮ್ಮ ಊರಲ್ಲಿ ಯಾವುದಿದೆ? ನಮ್ಮ ದೇಶದ ಗಂಡಸರಿಗೆ ಬರುವ ಕ್ಯಾನ್ಸರುಗಳಲ್ಲಿ ಬಾಯಿಯ ಕ್ಯಾನ್ಸರು ಮೊದಲ ಸಾಲಿನಲ್ಲಿದೆ. ಬೀಡಿ, ಹೊಗೆಸೊಪ್ಪು, ಗುಟ್ಕಾ, ಅಡಿಕೆ ಅದರ ದೊಡ್ಡ ಕಾರಣಗಳು. ರೋಗ ಬಂದ ಮನೆಯವರು ಎಲ್ಲಿ ಏನು ಸುದ್ದಿ ಕೇಳಿದರೂ ಅದರ ಹಿಂದೆ ಓಡುತ್ತಾರೆ. ಜಪಾನಿನಲ್ಲಿ ನ್ಯೂಟ್ರಾನಿನಿಂದ ಒಂದೇ ದಿನದಲ್ಲಿ ವಾಸಿ ಮಾಡುತ್ತಾರಂತೆ, ಮನೆ ಅಡವಿಟ್ಟಾದರೂ ಹೋಗಬಹುದೆ ಎಂಬ ಮಾತು ಈಗ ಕಿವಿಗೆ ಬೀಳುತ್ತಿದೆ. ಆದ್ದರಿಂದ ಈ ಚಿಕಿತ್ಸೆ ಏನು, ಎಲ್ಲಿಂದ ಬಂತು, ಎಷ್ಟು ದೂರ ಬಂದಿದೆ ಎಂಬುದನ್ನು ಕೂತು ತಿಳಿದುಕೊಳ್ಳೋಣ. ನಾನು ಓದಿದ್ದು ಮೆಟ್ರಿಕ್ಕಿನವರೆಗೆ, ಡಾಕ್ಟರನಲ್ಲ. ಆದರೆ ಕೆಲವು ವರ್ಷ ಮಕ್ಕಳಿಗೆ ಲೆಕ್ಕ, ವಿಜ್ಞಾನ ಹೇಳಿಕೊಟ್ಟವನು. ತಿಳಿಯುವಂತೆ ಹೇಳಿದರೆ ತಿಳಿಯದ ವಿಷಯವಿಲ್ಲ ಎಂಬುದು ನನ್ನ ನಂಬಿಕೆ.

ಮೊದಲು ನ್ಯೂಟ್ರಾನ್. ಪ್ರತಿಯೊಂದು ವಸ್ತುವೂ ಪರಮಾಣುಗಳಿಂದ ಆದದ್ದು. ಪರಮಾಣುವಿನ ನಡುವೆ ಬೀಜವಿದೆ. ಆ ಬೀಜದಲ್ಲಿರುವ ಪ್ರೋಟಾನಿಗೆ ಧನ ವಿದ್ಯುತ್ತು, ಸುತ್ತ ತಿರುಗುವ ಎಲೆಕ್ಟ್ರಾನಿಗೆ ಋಣ ವಿದ್ಯುತ್ತು. ಬೀಜದಲ್ಲೇ ಇರುವ ಇನ್ನೊಂದು ಕಣಕ್ಕೆ ಎರಡೂ ಇಲ್ಲ. ಅದೇ ನ್ಯೂಟ್ರಾನ್. 1932ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಜೇಮ್ಸ್ ಚಾಡ್ವಿಕ್ ಎಂಬವರು ಅದನ್ನು ಕಂಡುಹಿಡಿದರು. ಯಾವ ಪಕ್ಷಕ್ಕೂ ಸೇರದವರನ್ನು ರಾಜಕೀಯದಲ್ಲಿ ನಂಬುವುದು ಕಷ್ಟ. ವಿಜ್ಞಾನದಲ್ಲಿ ಮಾತ್ರ ಅದೇ ನ್ಯೂಟ್ರಾನಿನ ಬಲ. ಅದನ್ನು ಎಳೆಯುವವರೂ ಇಲ್ಲ, ತಳ್ಳುವವರೂ ಇಲ್ಲ. ಆದ್ದರಿಂದ ಅದು ಬೇರೆ ಕಣಗಳು ನುಗ್ಗಲಾಗದ ಕಡೆ ಸಲೀಸಾಗಿ ನುಗ್ಗಿ ಪರಮಾಣುವಿನ ಬೀಜವನ್ನೇ ಹೋಗಿ ಮುಟ್ಟುತ್ತದೆ.

ಎರಡನೆಯದು ಬೋರಾನ್. ಹೆಸರು ಹೊಸದು, ವಸ್ತು ಹಳೆಯದು. ಅಕ್ಕಸಾಲಿಗರು ಬೆಸುಗೆ ಹಾಕುವಾಗ ಉಪಯೋಗಿಸುವ ಬಿಳಿಗಾರದಲ್ಲಿ ಇರುವುದು ಇದೇ. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿಯಲ್ಲೂ ಇದೇ. ನೆಲದಲ್ಲಿ ಸಿಗುವ ಬೋರಾನಿನಲ್ಲಿ ಎರಡು ತೂಕದ ಪರಮಾಣುಗಳು ಬೆರೆತಿರುತ್ತವೆ. ನೂರಕ್ಕೆ ಸುಮಾರು ಎಂಬತ್ತು ಭಾಗ ಬೋರಾನ್-11, ಉಳಿದ ಇಪ್ಪತ್ತು ಬೋರಾನ್-10. ಈ ಬೋರಾನ್-10ಕ್ಕೆ ಒಂದು ವಿಚಿತ್ರ ಹಸಿವಿದೆ. ನಿಧಾನವಾಗಿ ಚಲಿಸುವ ನ್ಯೂಟ್ರಾನ್ ಹತ್ತಿರ ಸುಳಿದರೆ ಗಬಕ್ಕನೆ ನುಂಗುತ್ತದೆ. ನಮ್ಮ ಮೈಯಲ್ಲಿ ತುಂಬಿರುವ ಜಲಜನಕದ ಪರಮಾಣುವಿಗಿಂತ ಅದಕ್ಕೆ ಈ ಹಸಿವು ಹತ್ತು ಸಾವಿರ ಪಟ್ಟಿಗೂ ಹೆಚ್ಚು. ನುಂಗಿದ ಕೂಡಲೆ ಅದು ಎರಡು ಹೋಳಾಗಿ ಸಿಡಿಯುತ್ತದೆ. ಒಂದು ಹೋಳು ಆಲ್ಫಾ ಕಣ, ಇನ್ನೊಂದು ಲಿಥಿಯಂ. ಇದನ್ನು 1935ರಲ್ಲಿ ಕೇಂಬ್ರಿಜ್ಜಿನಲ್ಲೇ ಟೇಲರ್ ಮತ್ತು ಮೌರಿಸ್ ಗೋಲ್ಡ್‌ಹೇಬರ್ ತೋರಿಸಿಕೊಟ್ಟರು. ಗೋಲ್ಡ್‌ಹೇಬರ್ ಹಿಟ್ಲರನ ಕಾಟಕ್ಕೆ 1933ರಲ್ಲಿ ಜರ್ಮನಿ ಬಿಟ್ಟು ಬಂದ ಯೆಹೂದಿ ಹುಡುಗ. ತಲೆಯಿದ್ದವರನ್ನು ಓಡಿಸಿದ ದೇಶಕ್ಕೆ ಏನು ನಷ್ಟವಾಯಿತೆಂಬುದು ಬೇರೆ ಕಥೆ.

ಈ ಎರಡು ಹೋಳುಗಳು ಎಷ್ಟು ದೂರ ಹಾರುತ್ತವೆ ಎಂಬುದರಲ್ಲಿ ಇಡೀ ಚಿಕಿತ್ಸೆಯ ಗುಟ್ಟಿದೆ. ಅವು ಹಾರುವುದು ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ನೂಲುವ ಖಾತೆಯಲ್ಲಿರುವ ಅಣ್ಣಂದಿರಿಗೆ ಅವರ ಭಾಷೆಯಲ್ಲೇ ಹೇಳುವುದಾದರೆ, ಹತ್ತಿಯ ಒಂಟಿ ಎಳೆ ಎಷ್ಟು ದಪ್ಪವೋ ಅಷ್ಟು ದೂರವೂ ಹಾರುವುದಿಲ್ಲ. ಅಂದರೆ ಮೈಯ ಒಂದು ಜೀವಕೋಶದ ಒಳಗೇ ಸಿಡಿದು ಒಳಗೇ ನಿಲ್ಲುತ್ತವೆ. ಆ ಕೋಶ ಸಾಯುತ್ತದೆ, ಪಕ್ಕದ್ದು ಉಳಿಯುತ್ತದೆ.

ಅಂಗಡಿಯವರಿಗೆ ಬೆಂಕಿಪೊಟ್ಟಣ ಗೊತ್ತು. ಕಡ್ಡಿಯ ತುದಿಯ ಮದ್ದು ಬೇರೆ, ಪೊಟ್ಟಣದ ಬದಿಗೆ ಬಳಿದ ಮದ್ದು ಬೇರೆ. ಎರಡನ್ನೂ ಬೇರೆ ಬೇರೆ ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತಿರುಗಿದರೂ ಏನೂ ಆಗದು. ಎರಡು ಕೂಡಿದಲ್ಲಿ ಮಾತ್ರ ಬೆಂಕಿ. ಬೋರಾನನ್ನು ಕ್ಯಾನ್ಸರ್ ಕೋಶದೊಳಗೆ ಸೇರಿಸಿ, ಹೊರಗಿನಿಂದ ನಿಧಾನದ ನ್ಯೂಟ್ರಾನುಗಳನ್ನು ಹಾಯಿಸಿದರೆ ಎರಡೂ ಕೂಡಿದ ಕೋಶದಲ್ಲಿ ಮಾತ್ರ ಬೆಂಕಿ ಹತ್ತುತ್ತದೆ. 1936ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದ ಗಾರ್ಡನ್ ಲೋಚರ್ ಎಂಬ ಭೌತವಿಜ್ಞಾನಿ ಬರೆದ ಮಾತಿನ ತಿರುಳು ಇಷ್ಟೆ. ಮಾಮೂಲು ಕರೆಂಟ್ ಕೊಡುವುದು ಎಂದು ನಾವು ಕರೆಯುವ ಚಿಕಿತ್ಸೆಯಲ್ಲಿ ಕಿರಣ ಬಿದ್ದ ಜಾಗವೆಲ್ಲ ಬೇಯುತ್ತದೆ, ಕಳೆಯ ಜೊತೆ ರಾಗಿಯ ಪೈರೂ ಸುಡುತ್ತದೆ. ಇಲ್ಲಿ ಕಳೆಯನ್ನು ಮಾತ್ರ ಆರಿಸಿ ಸುಡುವ ಆಸೆ.

ಕಾಗದದ ಮೇಲೆ ಇದಕ್ಕಿಂತ ಚೆಂದದ ಚಿಕಿತ್ಸೆ ಇಲ್ಲ. ಆದರೆ ಕಾಗದದಿಂದ ರೋಗಿಯ ಹಾಸಿಗೆಗೆ ಬರಲು ಅದಕ್ಕೆ ಹಿಡಿದದ್ದು ಎಂಬತ್ತು ವರ್ಷಕ್ಕೂ ಹೆಚ್ಚು. ಯಾಕೆ ಹಿಡಿಯಿತು, ಆ ನಡುವೆ ಯಾರು ಬೆಲೆ ತೆತ್ತರು ಎಂಬುದೇ ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವುದು.

1936ರಲ್ಲಿ ಬೇಕಾದಷ್ಟು ನ್ಯೂಟ್ರಾನ್ ಕೊಡುವ ಯಂತ್ರ ಇರಲಿಲ್ಲ. ಬಾಂಬು ಮಾಡುವ ಆತುರದಲ್ಲಿ ಅಮೆರಿಕದವರು 1942ರಲ್ಲಿ ಪರಮಾಣು ರಿಯಾಕ್ಟರನ್ನು ಕಟ್ಟಿದರು. ಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನ ಹತ್ತಿರ ಲಾಂಗ್ ಐಲೆಂಡಿನ ಬ್ರೂಕ್‌ಹೇವನ್ ಎಂಬಲ್ಲಿ ಸರಕಾರಿ ಸಂಶೋಧನಾಲಯವೊಂದು ತನ್ನ ರಿಯಾಕ್ಟರಿನಿಂದ ನ್ಯೂಟ್ರಾನುಗಳನ್ನು ಹೊರಕ್ಕೆ ಹಾಯಿಸಿತು. 1951ರಲ್ಲಿ ಮೊದಲನೆಯ ರೋಗಿಯನ್ನು ಅದರ ಎದುರು ಮಲಗಿಸಿದರು. ಲೀ ಫಾರ್ ಎಂಬ ಡಾಕ್ಟರು ಅಲ್ಲಿಯ ಮುಖಂಡರು. ಬೋಸ್ಟನ್ನಿನ ಮೆದುಳು ಶಸ್ತ್ರವೈದ್ಯ ವಿಲಿಯಂ ಸ್ವೀಟ್ ಈ ವಿಚಾರವನ್ನು ಹಚ್ಚಿಕೊಂಡವರು. ರೋಗಿಗಳು ಗ್ಲಯೋಬ್ಲಾಸ್ಟೋಮ ಎಂಬ ಮೆದುಳಿನ ಗಡ್ಡೆಯವರು. ಕ್ಯಾನ್ಸರುಗಳಲ್ಲೆಲ್ಲ ಕ್ರೂರವಾದವುಗಳಲ್ಲಿ ಅದೊಂದು. ಆಪರೇಷನ್ ಮಾಡಿ ತೆಗೆದರೂ ಬೇರು ಉಳಿದು ಮತ್ತೆ ಚಿಗುರುತ್ತದೆ. ಅವರ ರಕ್ತನಾಳಕ್ಕೆ ಬಿಳಿಗಾರದ ದ್ರಾವಣ ಕೊಟ್ಟು ತಲೆಗೆ ನ್ಯೂಟ್ರಾನು ಬಿಟ್ಟರು.

ಮೆದುಳಿಗೂ ರಕ್ತಕ್ಕೂ ನಡುವೆ ಪ್ರಕೃತಿ ಒಂದು ತಡೆ ಕಟ್ಟಿದೆ. ರಕ್ತದಲ್ಲಿರುವುದೆಲ್ಲ ಮೆದುಳಿಗೆ ಇಳಿಯುವುದಿಲ್ಲ. ಗಡ್ಡೆ ಇರುವ ಕಡೆ ಆ ತಡೆ ಹರಿದಿರುತ್ತದೆ, ಆದ್ದರಿಂದ ಬೋರಾನ್ ಗಡ್ಡೆಗೆ ಮಾತ್ರ ಇಳಿಯುತ್ತದೆ ಎಂದು ಅವರ ಲೆಕ್ಕ. ಲೆಕ್ಕದ ಅರ್ಧ ಸರಿ. ಉಳಿದರ್ಧದಲ್ಲಿ ರಕ್ತವನ್ನೇ ಬಿಟ್ಟಿದ್ದರು. ಬೋರಾನಿನ ದೊಡ್ಡ ಪಾಲು ರಕ್ತದಲ್ಲೇ ಉಳಿದಿತ್ತು. ನ್ಯೂಟ್ರಾನು ಬಿದ್ದಾಗ ಬೆಂಕಿ ಹತ್ತಿದ್ದು ರಕ್ತನಾಳಗಳಿಗೂ, ತಲೆಯ ಚರ್ಮಕ್ಕೂ. ಕೆಲವರ ನೆತ್ತಿ ಹುಣ್ಣಾಗಿ ಮಾಯಲೇ ಇಲ್ಲ. ಮೇಲಾಗಿ ಆ ಕಾಲದ ನ್ಯೂಟ್ರಾನು ತುಂಬ ನಿಧಾನದ್ದು. ಎರಡು ಮೂರು ಸೆಂಟಿಮೀಟರಿಗೇ ಅದರ ಬಲ ಉಡುಗಿಹೋಗುತ್ತಿತ್ತು. ಗಡ್ಡೆಯ ಬುಡ ಹಾಗೇ ಉಳಿಯುತ್ತಿತ್ತು.

ಇದನ್ನು ಸರಿಮಾಡಲು ಬೋಸ್ಟನ್ನಿನ ಎದುರಿಗಿರುವ ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ರಿಯಾಕ್ಟರಿನ ಕೆಳಗೇ ಒಂದು ಶಸ್ತ್ರಕ್ರಿಯೆಯ ಕೋಣೆ ಕಟ್ಟಿದರು. 1959ರಿಂದ 1961ರವರೆಗೆ ಸ್ವೀಟರ ತಂಡ ಅಲ್ಲಿ 18 ರೋಗಿಗಳ ತಲೆಬುರುಡೆ ತೆರೆದು ನೇರವಾಗಿ ಮೆದುಳಿಗೆ ನ್ಯೂಟ್ರಾನು ಬಿಟ್ಟಿತು. ಫಲ ಇನ್ನೂ ಕೆಟ್ಟದ್ದು. ಮೆದುಳಿನ ರಕ್ತನಾಳಗಳು ಬೆಂದು, ಮೆದುಳು ಊದಿ, ಹೆಚ್ಚಿನವರು ಕೆಲವೇ ತಿಂಗಳಲ್ಲಿ ತೀರಿಕೊಂಡರು. 1961ರಲ್ಲಿ ಅಮೆರಿಕದಲ್ಲಿ ಪ್ರಯೋಗ ನಿಂತಿತು.

ಬಂಧುಗಳೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಜನ ಹೇಗೂ ಸಾಯುವವರೇ ಆಗಿದ್ದರು, ಪ್ರಯತ್ನ ಮಾಡಿದ್ದರಲ್ಲಿ ತಪ್ಪೇನು ಎಂದು ಒಬ್ಬರು ಕೇಳಬಹುದು. ಸಾಯುವವನ ಕೊನೆಯ ಮೂರು ತಿಂಗಳಿಗೂ ಬೆಲೆಯಿದೆ, ಅದನ್ನು ಅವನನ್ನು ಕೇಳದೆ ಯಾರೂ ಕಸಿಯುವಂತಿಲ್ಲ ಎಂದು ಇನ್ನೊಬ್ಬರು ಹೇಳಬಹುದು. ನನಗೆ ಎರಡನೆಯ ಮಾತು ಸರಿಯೆನಿಸುತ್ತದೆ. ಆದರೆ ಮೊದಲನೆಯದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಯಾರೂ ಎಂದೂ ಪ್ರಯೋಗ ಮಾಡದಿದ್ದರೆ ಇಂದು ನಮ್ಮ ಮಕ್ಕಳಿಗೆ ಹಾಕಿಸುವ ಲಸಿಕೆಯೂ ಇರುತ್ತಿರಲಿಲ್ಲ. ದಶಕಗಳ ಮೇಲೆ ಆ ರೋಗಿಗಳ ಮನೆಯವರು ಕೋರ್ಟಿಗೆ ಹೋದರು. 1999ರಲ್ಲಿ ಬೋಸ್ಟನ್ನಿನ ಜ್ಯೂರಿ ಡಾಕ್ಟರ ಮತ್ತು ಆಸ್ಪತ್ರೆಯ ವಿರುದ್ಧ ತೀರ್ಪು ಕೊಟ್ಟಿತು. 2002ರಲ್ಲಿ ಮೇಲಿನ ಕೋರ್ಟು, ನಿರ್ಲಕ್ಷ್ಯಕ್ಕೆ ಸಾಕಷ್ಟು ರುಜುವಾತಿಲ್ಲವೆಂದು ಆ ತೀರ್ಪನ್ನು ರದ್ದುಮಾಡಿತು. ಕಾನೂನು ಹಾಗೆ ಹೇಳಿತು.

ಒಂದು ವಿಷಯವನ್ನು ಮಾತ್ರ ಆ ಡಾಕ್ಟರುಗಳ ಪರವಾಗಿ ಹೇಳಲೇಬೇಕು. ಅವರು ಸೋಲನ್ನು ಹೂತುಹಾಕಲಿಲ್ಲ. ಆ 18 ಜನರಲ್ಲಿ 14 ಜನರ ಮೆದುಳನ್ನು ಸತ್ತ ಮೇಲೆ ಪರೀಕ್ಷಿಸಿ, ಎಲ್ಲಿ ಏನು ಬೆಂದಿತ್ತು ಎಂಬುದನ್ನು 1972ರಲ್ಲಿ ಅಚ್ಚುಮಾಡಿದರು. ಬರೆದವರಲ್ಲಿ ಸ್ವೀಟರ ಹೆಸರೂ ಇದೆ. ನ್ಯೂಟ್ರಾನಿನ ದೋಷ ಸ್ವಲ್ಪ, ಬೋರಾನನ್ನು ಹೊತ್ತುಕೊಂಡು ಹೋಗುವ ಔಷಧದ ದೋಷವೇ ಬಹಳ ಎಂಬುದು ಆ ಹೆಣಗಳಿಂದ ಲೋಕಕ್ಕೆ ತಿಳಿಯಿತು. ಮಾರುಕಟ್ಟೆಯಲ್ಲಿ ಮಾರುವ ಎಷ್ಟೋ ಔಷಧಗಳ ಸೋಲು ಕಂಪನಿಯ ಬೀರುವಿನಿಂದ ಹೊರಗೇ ಬರುವುದಿಲ್ಲ.

ಸ್ವೀಟರ ಹತ್ತಿರ ಕೆಲಸ ಕಲಿತ ಹಿರೋಶಿ ಹತನಾಕ ಎಂಬ ಜಪಾನೀ ಡಾಕ್ಟರು ಊರಿಗೆ ಮರಳಿ 1968ರಲ್ಲಿ ಬೇರೆ ಬೋರಾನ್ ಔಷಧದಿಂದ ಮತ್ತೆ ಆರಂಭಿಸಿದರು. ಅಮೆರಿಕ ಕೈಬಿಟ್ಟದ್ದನ್ನು ಎತ್ತಿಕೊಂಡ ಹುಚ್ಚ ಎಂದು ನಕ್ಕವರಿದ್ದರು. ಅವರು ನೂರಕ್ಕೂ ಹೆಚ್ಚು ಜನಕ್ಕೆ ಈ ಚಿಕಿತ್ಸೆ ಮಾಡಿದರು. ಕೆಲವರು ಹಲವು ವರ್ಷ ಬದುಕಿದರು. ಆದರೆ ಚಿಕಿತ್ಸೆ ಪಡೆಯದ ಅಂಥದೇ ಇನ್ನೊಂದು ಗುಂಪಿನ ಜೊತೆ ಹೋಲಿಸದೆ ಇದು ಚಿಕಿತ್ಸೆಯ ಗುಣವೋ, ಗಟ್ಟಿ ರೋಗಿಗಳನ್ನು ಆರಿಸಿದ ಗುಣವೋ ಹೇಗೆ ಹೇಳುವುದು ಎಂದು ಇತರ ಡಾಕ್ಟರುಗಳು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಬಳಿಕ ಕೋಬೆಯ ಯುತಾಕ ಮಿಶಿಮ ಎಂಬವರು ಒಂದು ಜಾಣ ಉಪಾಯ ಹೂಡಿದರು. ಬೆಳೆಯುವ ಕ್ಯಾನ್ಸರ್ ಕೋಶಕ್ಕೆ ಪ್ರೋಟೀನಿನ ಕಚ್ಚಾಮಾಲು ಬೇಕೇ ಬೇಕು, ಫಿನೈಲ್‌ಅಲನಿನ್ ಎಂಬ ಸರಕನ್ನು ಅದು ಗಬಗಬನೆ ಎಳೆದುಕೊಳ್ಳುತ್ತದೆ. ಆ ಸರಕಿಗೇ ಬೋರಾನನ್ನು ಅಂಟಿಸಿ ಕಳಿಸಿದರೆ? ಇಲಿಗೆ ಕೊಬ್ಬರಿಯಲ್ಲಿ ಪಾಷಾಣ ಇಟ್ಟಂತೆ. 1987ರಲ್ಲಿ ಅವರು ಇದನ್ನು ಚರ್ಮದ ಕಪ್ಪು ಕ್ಯಾನ್ಸರಿಗೆ, ಅಂದರೆ ಮೆಲನೋಮಕ್ಕೆ, ಉಪಯೋಗಿಸಿದರು. ಇಂದಿನ ಚಿಕಿತ್ಸೆ ನಿಂತಿರುವುದು ಆ ಔಷಧದ ಮೇಲೆ.

ಎಷ್ಟು ಬೋರಾನ್ ಬೇಕು? ಗಡ್ಡೆಯ ತೂಕದ ಹತ್ತು ಲಕ್ಷದಲ್ಲಿ ಇಪ್ಪತ್ತು ಭಾಗದಷ್ಟು. ಐವತ್ತು ಕಿಲೋ ಅಕ್ಕಿ ಚೀಲಕ್ಕೆ ಒಂದು ಗ್ರಾಂ ಉಪ್ಪು ಬೆರೆಸಿದಂತೆ. ಅಷ್ಟು ಗಡ್ಡೆಯಲ್ಲಿ ಇರಬೇಕು, ಪಕ್ಕದ ಒಳ್ಳೆಯ ಮಾಂಸದಲ್ಲಿ ಅದಕ್ಕಿಂತ ಬಹಳ ಕಡಿಮೆ ಇರಬೇಕು. ಪಟ್ಟು ಕಡಿಮೆಯಾದರೆ 1961ರ ಕಥೆಯೇ ಮತ್ತೆ. ಇದನ್ನು ಮೊದಲೇ ಅಳೆದು ನೋಡುವ ಉಪಕರಣ ಈಗ ಇದೆ. ನ್ಯೂಟ್ರಾನನ್ನೂ ಸ್ವಲ್ಪ ವೇಗದ್ದಾಗಿ ಬಿಟ್ಟರೆ ಅದು ಚರ್ಮ ದಾಟಿ ಒಳಗೆ ಹೋಗಿ ಅಲ್ಲಿ ನಿಧಾನವಾಗುತ್ತದೆ, ತಲೆಬುರುಡೆ ತೆರೆಯಬೇಕಾಗಿಲ್ಲ. ಆದರೂ ಕೆಲವು ಸೆಂಟಿಮೀಟರಿನ ಆಳಕ್ಕೆ ಅದರ ಆಟ ಮುಗಿಯುತ್ತದೆ. ಹೊಟ್ಟೆಯ ನಡುವಿನ ಗಡ್ಡೆಗೆ ಹೊರಗಿನಿಂದ ತಲುಪುವುದು ಕಷ್ಟ.

ಉಳಿದದ್ದು ಯಂತ್ರದ ಪ್ರಶ್ನೆ. ಆಸ್ಪತ್ರೆಯ ಹಿತ್ತಲಲ್ಲಿ ರಿಯಾಕ್ಟರ್ ಕಟ್ಟಲಾಗುವುದಿಲ್ಲ. ಫಿನ್‌ಲೆಂಡಿನವರು ರಾಜಧಾನಿಯ ಪಕ್ಕದ ಒಟಾನಿಯೆಮಿಯಲ್ಲಿದ್ದ ಸರಕಾರಿ ಸಂಶೋಧನಾ ರಿಯಾಕ್ಟರನ್ನೇ ಬಳಸಿ 1999ರಿಂದ ಇನ್ನೂರಕ್ಕೂ ಹೆಚ್ಚು ರೋಗಿಗಳಿಗೆ ಈ ಚಿಕಿತ್ಸೆ ಕೊಟ್ಟರು. ಅದರ ವ್ಯವಹಾರವನ್ನು ಒಂದು ಕಂಪನಿಗೆ ವಹಿಸಿದ್ದರು. 2012ರಲ್ಲಿ ಕಂಪನಿ ದಿವಾಳಿಯೆದ್ದಿತು, ಚಿಕಿತ್ಸೆ ನಿಂತಿತು. ರಿಯಾಕ್ಟರು ಇತ್ತು, ಡಾಕ್ಟರುಗಳಿದ್ದರು, ರೋಗಿಗಳಂತೂ ಇದ್ದೇ ಇದ್ದರು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಲಾಭ ಇರಲಿಲ್ಲ! 2015ರಲ್ಲಿ ರಿಯಾಕ್ಟರನ್ನೂ ಮುಚ್ಚಿದರು. ಗಿರಣಿಯ ಬಾಗಿಲಿಗೆ ಬೀಗ ಬಿದ್ದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಪಾನಿನಲ್ಲಿ ಬೇರೆ ದಾರಿ ಹಿಡಿದರು. ಸೈಕ್ಲೋಟ್ರಾನ್ ಎಂಬ ಯಂತ್ರ ಪ್ರೋಟಾನುಗಳನ್ನು ಸುತ್ತಿಸಿ ಸುತ್ತಿಸಿ ವೇಗ ಕೊಟ್ಟು, ಬೆರಿಲಿಯಂ ಲೋಹದ ತಗಡಿಗೆ ಹೊಡೆಯುತ್ತದೆ. ಅದರಿಂದ ನ್ಯೂಟ್ರಾನುಗಳು ಚಿಮ್ಮುತ್ತವೆ. ಸ್ವಿಚ್ ಆರಿಸಿದರೆ ನಿಲ್ಲುತ್ತದೆ, ಯುರೇನಿಯಂ ಬೇಕಿಲ್ಲ. ಕ್ಯೋಟೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸುಮಿಟೋಮೊ ಕಂಪನಿಯ ಎಂಜಿನಿಯರುಗಳ ಜೊತೆ ಇದನ್ನು ಕಟ್ಟಿದರು. ಈ ಕ್ಯೋಟೋದ ಹೆಸರು ಬಂದಾಗ ಒಂದು ಹಳೆಯ ಸಂಗತಿ ನೆನಪಿಗೆ ತರಬೇಕು. ಯುದ್ಧ ಸೋತ ಜಪಾನಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೇನೆ 1945ರ ನವೆಂಬರಿನಲ್ಲಿ ಟೋಕಿಯೊ, ಒಸಾಕಾ, ಕ್ಯೋಟೋಗಳ ಸೈಕ್ಲೋಟ್ರಾನುಗಳನ್ನು ಒಡೆದುಹಾಕಿ, ಟೋಕಿಯೊದವನ್ನು ಒಯ್ದು ಸಮುದ್ರಕ್ಕೆ ಎಸೆಯಿತು. ಅವು ಬಾಂಬು ಮಾಡುವ ಯಂತ್ರಗಳಾಗಿರಲಿಲ್ಲ, ಅಮೆರಿಕದ ವಿಜ್ಞಾನಿಗಳೇ ಈ ಅನಾಚಾರವನ್ನು ಖಂಡಿಸಿದರು. ಪರಮಾಣು ಬಾಂಬಿಗೆ ಎರಡು ಊರನ್ನು ಕಳೆದುಕೊಂಡ ದೇಶದಲ್ಲಿ, ಸೈಕ್ಲೋಟ್ರಾನನ್ನು ಒಡೆಸಿಕೊಂಡ ಅದೇ ವಿಶ್ವವಿದ್ಯಾಲಯ, ಸೈಕ್ಲೋಟ್ರಾನಿನ ನ್ಯೂಟ್ರಾನಿನಿಂದ ಮನುಷ್ಯನನ್ನು ಬದುಕಿಸುವ ದಾರಿ ಹುಡುಕಿತು.

2020ರ ಮಾರ್ಚಿನಲ್ಲಿ ಜಪಾನಿನ ಸರಕಾರ ಈ ಯಂತ್ರಕ್ಕೂ ಔಷಧಕ್ಕೂ ಒಪ್ಪಿಗೆ ಕೊಟ್ಟಿತು. ಯಾವ ರೋಗಕ್ಕೆ? ಶಸ್ತ್ರಕ್ರಿಯೆಯಿಂದ ತೆಗೆಯಲಾಗದ, ಇಲ್ಲವೆ ವಾಸಿಯಾಗಿ ಮತ್ತೆ ಮರುಕಳಿಸಿದ ತಲೆ-ಕುತ್ತಿಗೆಯ ಭಾಗದ ಕ್ಯಾನ್ಸರಿಗೆ. ಮೆದುಳಿನ ಗಡ್ಡೆಗೆಂದು ಹುಟ್ಟಿದ ಚಿಕಿತ್ಸೆಗೆ ಮೊದಲ ಒಪ್ಪಿಗೆ ಸಿಕ್ಕಿದ್ದು ಬಾಯಿ-ಗಂಟಲಿನ ಸುತ್ತಮುತ್ತಲಿನ ರೋಗಕ್ಕೆ. ನಮ್ಮ ಕಿವಿ ನಿಮಿರಬೇಕಾದದ್ದು ಇಲ್ಲೇ. ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ ಇದ್ದವರು 21 ರೋಗಿಗಳು. ಅವರಲ್ಲಿ ನೂರಕ್ಕೆ 71ರ ಲೆಕ್ಕದಲ್ಲಿ ಗಡ್ಡೆ ಕುಗ್ಗಿತು ಇಲ್ಲವೆ ಕಾಣದಾಯಿತು. ಬೇರೆ ದಾರಿಯಿಲ್ಲದ ರೋಗಿಗಳಲ್ಲಿ ಇದು ಸಣ್ಣ ಮಾತಲ್ಲ. ಆದರೆ ಕುಗ್ಗುವುದು ಬೇರೆ, ವಾಸಿಯಾಗುವುದು ಬೇರೆ. 21 ಜನ ಎಂದರೆ ನಮ್ಮ ಗಿರಣಿಯ ಒಂದು ಖಾತೆಯ ಒಂದು ಪಾಳಿಯಷ್ಟೂ ಅಲ್ಲ. ಹೋಲಿಸಿ ನೋಡಲು ಎರಡನೆಯ ಗುಂಪೂ ಇರಲಿಲ್ಲ. ಬಾಯಿ ಹುಣ್ಣಾಗುವುದು, ಕೂದಲು ಉದುರುವುದು, ಓಕರಿಕೆ ಇಂಥ ತೊಂದರೆಗಳೂ ಇವೆ.

ಹಣ ಯಾರು ಕೊಡುತ್ತಾರೆ? ಜಪಾನಿನಲ್ಲಿ 1961ರಿಂದ ಎಲ್ಲ ಪ್ರಜೆಗಳಿಗೂ ಆರೋಗ್ಯ ವಿಮೆಯಿದೆ. ಒಪ್ಪಿಗೆ ಸಿಕ್ಕ ಮೂರೇ ತಿಂಗಳಲ್ಲಿ, 2020ರ ಜೂನಿನಲ್ಲಿ, ಈ ಚಿಕಿತ್ಸೆಯನ್ನು ಆ ವಿಮೆಗೆ ಸೇರಿಸಿದರು. ರೋಗಿ ಕೊಡುವುದು ಹೆಚ್ಚೆಂದರೆ ನೂರಕ್ಕೆ ಮೂವತ್ತು, ಅದಕ್ಕೂ ತಿಂಗಳಿಗೆ ಇಷ್ಟಕ್ಕಿಂತ ಮೇಲೆ ಕೊಡಬೇಕಾಗಿಲ್ಲ ಎಂಬ ಮಿತಿಯಿದೆ. ಅಲ್ಲಿಯ ಕೂಲಿಗಾರನಿಗೂ ಅಂಗಡಿಯವನಿಗೂ ಒಂದೇ ಬಾಗಿಲು. ಇಲ್ಲಿ ಗಿರಣಿಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ ಇ.ಎಸ್.ಐ. ಇದೆ, ಗಿರಣಿಯ ಗೇಟಿನ ಎದುರು ಚಹಾ ಮಾರುವವನಿಗೆ ಅದಿಲ್ಲ. ಹೊಸ ಚಿಕಿತ್ಸೆ ಯಾವಾಗ ಬರುತ್ತದೆ ಎಂಬುದು ವಿಜ್ಞಾನಿಯ ಕೈಯಲ್ಲಿದೆ. ಯಾರ ಮನೆಗೆ ಬರುತ್ತದೆ ಎಂಬುದು ಅವನ ಕೈಯಲ್ಲಿಲ್ಲ.

ಇನ್ನು ಚೀಟಿಯಲ್ಲಿ ಬರೆದು ಕಳಿಸಿರುವ ಪ್ರಶ್ನೆಗಳು.

ಒಂದು: ಮನೆಯಲ್ಲಿ ರೋಗಿ ಇದ್ದರೆ ಇದಕ್ಕಾಗಿ ಕಾಯಬೇಕೆ? ಬೇಡವೇ ಬೇಡ. ಬಾಯಿಯ ಕ್ಯಾನ್ಸರು ಮೊದಲ ಹಂತದಲ್ಲಿ ಸಿಕ್ಕಿದರೆ ಈಗಿರುವ ಶಸ್ತ್ರಕ್ರಿಯೆ, ಕಿರಣ ಚಿಕಿತ್ಸೆಗಳಿಂದಲೇ ಬಹಳ ಜನ ಗುಣವಾಗುತ್ತಾರೆ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಇಲ್ಲವೆ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ ಇದ್ದರೆ ಸರಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಇದಕ್ಕೆಂದೇ ಇದೆ. ನ್ಯೂಟ್ರಾನ್ ಚಿಕಿತ್ಸೆಗೆ ಕಳಿಸುತ್ತೇವೆಂದು ಮುಂಗಡ ಕೇಳುವವರು ಬಂದರೆ ಮೂರು ಮಾತು ಕೇಳಿ: ಯಾವ ಆಸ್ಪತ್ರೆ, ಆ ದೇಶದ ಸರಕಾರ ಈ ರೋಗಕ್ಕೆ ಒಪ್ಪಿಗೆ ಕೊಟ್ಟಿದೆಯೆ, ನಮ್ಮ ರೋಗಿಯ ಕಾಗದಪತ್ರ ನೋಡಿ ಆ ಆಸ್ಪತ್ರೆಯ ಡಾಕ್ಟರು ಬರಹದಲ್ಲಿ ಏನು ಹೇಳಿದ್ದಾರೆ. ಉತ್ತರ ಬಾಯಿಮಾತಿನಲ್ಲೇ ಬಂದರೆ ದುಡ್ಡು ಬಿಚ್ಚಬೇಡಿ.

ಎರಡು: ಪ್ರಯೋಗಕ್ಕೆ ಸೇರಿಕೊಳ್ಳಿ ಎಂದು ಡಾಕ್ಟರು ಕರೆದರೆ ಸೇರಬಹುದೆ? ಸೇರಬಹುದು. ಆದರೆ ಸಹಿ ಮಾಡುವ ಕಾಗದವನ್ನು ಕನ್ನಡದಲ್ಲಿ ಓದಿಸಿ ಕೇಳಿಸಿಕೊಳ್ಳಿ. ನಡುವೆ ಬೇಡವೆನಿಸಿದರೆ ಬಿಟ್ಟುಬರುವ ಹಕ್ಕು ರೋಗಿಗೆ ಇದ್ದೇ ಇದೆ. ಬಿಟ್ಟರೆಂದು ಮಾಮೂಲು ಚಿಕಿತ್ಸೆ ನಿಲ್ಲಿಸುವಂತಿಲ್ಲ. ತೊಂದರೆಯಾದರೆ ಖರ್ಚು ಯಾರದು ಎಂಬುದೂ ಆ ಕಾಗದದಲ್ಲೇ ಇರಬೇಕು.

ಮೂರನೆಯದನ್ನು ಒಬ್ಬ ಅಂಗಡಿಯವರು ಬರೆದಿದ್ದಾರೆ: ಬೋರಾನ್ ಅಷ್ಟು ಒಳ್ಳೆಯದಾದರೆ ಬೋರಿಕ್ ಪುಡಿಯನ್ನು, ಬಿಳಿಗಾರವನ್ನು ನೀರಿಗೆ ಹಾಕಿ ಕುಡಿಯಬಹುದೆ? ಅಯ್ಯಾ, ಕೂಡದು. ನ್ಯೂಟ್ರಾನಿಲ್ಲದೆ ಬೋರಾನಿನಿಂದ ಕ್ಯಾನ್ಸರಿಗೆ ಏನೂ ಆಗುವುದಿಲ್ಲ, ಕುಡಿದವನಿಗೆ ಆಗುತ್ತದೆ. ವಾಂತಿ, ಭೇದಿ, ಹೆಚ್ಚಾದರೆ ಮೂತ್ರಪಿಂಡ ಕೆಟ್ಟು ಪ್ರಾಣಕ್ಕೇ ಬರಬಹುದು. ಕೇರಂ ಬೋರ್ಡಿನ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಮೇಲಿನ ಗೂಡಿನಲ್ಲಿಡಿ.